ರೊಸೆಂದಾ ಚೆಲ್ಲಿದ ಗುಡಾಣದ ನೀರು

ತಲಿಸಯ್ ಗುಡ್ಡದ ಇಪ್ಪತ್ತೆಂಟು ಮನೆಗಳಿಗೂ ರೊಸೆಂದಾ ಎಂದರೆ ಎರಡು ನಾಲಿಗೆ ಇಲ್ಲದ ಹೆಂಗಸು. ಸತ್ತವರ ಮನೆಯಲ್ಲಿ ಒಂಬತ್ತು ದಿನ ಜಪಸರ ಹಿಡಿದು ಪ್ರಾರ್ಥನೆ ನಡೆಸಿಕೊಡುವವಳು ಅವಳೇ. ಗಂಡಹೆಂಡಿರು ಕಿತ್ತಾಡಿದರೆ ತಪ್ಪು ಯಾರದ್ದೆಂದು ಇಬ್ಬರ ಮುಖಕ್ಕೂ ಹೇಳಿ ಬರುವವಳೂ ಅವಳೇ. ಪಾದ್ರಿ ತಿಂಗಳಿಗೊಮ್ಮೆ ದೋಣಿ ಹತ್ತಿ ಬಂದರೆ ಉಂಟು, ಸಮುದ್ರ ಕೆರಳಿದರೆ ಅದೂ ಇಲ್ಲ. ಉಳಿದ ದಿನಗಳಲ್ಲಿ ಊರಿನ ಸರಿತಪ್ಪು ನೋಡುವ ಕೆಲಸ ರೊಸೆಂದಾಳ ಪಾಲಿಗೆ ಬಿದ್ದಿತ್ತು. ಅವಳಿಗೂ ಅದು ಇಷ್ಟವೇ ಆಗಿತ್ತು, ಸುಳ್ಳೇಕೆ. ಪಕ್ಕದ ಮನೆಯವಳು ಮೊಟ್ಟೆ ಕದ್ದ ಮಗನಿಗೆ ನಾಲ್ಕು ಬಿಗಿಯದೆ ಬಿಟ್ಟಳೆಂದು, ಅವಳದೇ ಅಂಗಳದಲ್ಲಿ ನಿಂತು, ಅವಳ ಅತ್ತೆಯ ಎದುರಿಗೇ ಬುದ್ಧಿ ಹೇಳಿ ಬಂದಿದ್ದಳು.

ಅಂಥವಳು ಒಬ್ಬ ಹುಡುಗನ ಬೆವರನ್ನು ಎಂಟು ತಿಂಗಳು ಕುಡಿದಳು. ಕುಡಿದಳು ಎಂದೇ ಹೇಳಬೇಕು. ಅದಕ್ಕೆ ಮೆತ್ತನೆಯ ಇನ್ನೊಂದು ಮಾತು ಹುಡುಕುವುದು ಬೇಡ.

ಶುರುವಾದದ್ದು ಗಂಡ ತೆಬಾನ್ ತೆಂಗಿನ ಮರದಿಂದ ಬಿದ್ದಾಗ. ಜನವರಿಯ ಮೂರು ರಾಜರ ಹಬ್ಬ ಕಳೆದು ಒಂದು ವಾರವಾಗಿತ್ತು. ಬೆಳಗಿನ ಇಬ್ಬನಿಗೆ ಮರ ಜಾರುತ್ತದೆಂದು ಗೊತ್ತಿದ್ದೂ ಹತ್ತಿದ, ಬಿದ್ದ, ತೊಡೆಯ ಮೂಳೆ ಎರಡು ತುಂಡಾಯಿತು. ಮೂಳೆ ಕೂರಿಸುವ ಮುದುಕ ಬಂದು ಬಿದಿರಿನ ದಬ್ಬೆ ಕಟ್ಟಿ, ಆರು ತಿಂಗಳು ಚಾಪೆ ಬಿಟ್ಟು ಏಳಕೂಡದೆಂದು ಹೇಳಿಹೋದ. ಮನೆಯಲ್ಲಿ ಉಳಿದವರು ಹೆಂಗಸರೇ: ರೊಸೆಂದಾ, ಹತ್ತೊಂಬತ್ತರ ಮಗಳು ಸಾಬೆಲ್, ಬಹಳ ವರ್ಷ ಬಿಟ್ಟು ಹುಟ್ಟಿದ ಇನ್ನೆರಡು ಪುಟ್ಟ ಹೆಣ್ಣುಗಳು. ಕುಡಿಯುವ ನೀರಿನ ಒರತೆ ಗುಡ್ಡದ ಬುಡದಲ್ಲಿ. ಹೆಗಲಿಗೆ ಅಡ್ಡೆ ಹಾಕಿ ಎರಡು ಡಬ್ಬ ನೀರು ಹೊತ್ತು ಮೇಲೆ ಬರುವಷ್ಟರಲ್ಲಿ ಗಟ್ಟಿ ಗಂಡಸಿಗೂ ಉಬ್ಬಸ ಬರುತ್ತದೆ. ಭತ್ತದ ಗದ್ದೆ ಬೇರೆ ಉಳುಮೆಗೆ ಕಾದಿತ್ತು. ರೊಸೆಂದಾ ಹದಿನೈದು ದಿನ ತಾನೇ ಹೊತ್ತಳು. ಹದಿನಾರನೆಯ ದಿನ ಸೊಂಟ ಹಿಡಿದು ಮೆಟ್ಟಿಲ ಮೇಲೆ ಕೂತವಳು ಮಧ್ಯಾಹ್ನದ ತನಕ ಏಳಲಿಲ್ಲ.

ಮಾರನೆಯ ಬೆಳಗ್ಗೆ ಕಣ್ಣುಬಿಟ್ಟರೆ, ಕಂಬಗಳ ಮೇಲೆ ನಿಂತ ಮನೆಯ ಏಣಿಯ ಬುಡದಲ್ಲಿ ಒಂದು ಹೊರೆ ಸೌದೆ. ಒಣಗಿದ್ದು, ಸಮನಾಗಿ ಕಡಿದದ್ದು, ಬಳ್ಳಿಯಿಂದ ನೀಟಾಗಿ ಕಟ್ಟಿದ್ದು. ಸ್ವಲ್ಪ ದೂರದಲ್ಲಿ ಬಾಳೆಗಿಡದ ಮರೆಗೆ ದಾದೋ ನಿಂತಿದ್ದ. ಕೆಳಕೇರಿಯ ಕಾಂದೆಂಗಳ ದೊಡ್ಡ ಮಗ, ಇಪ್ಪತ್ತನಾಲ್ಕು ವರ್ಷ, ಹೆಗಲು ಎತ್ತಿನದು, ಮಾತು ಮಾತ್ರ ಹೊಸ ಮದುವಣಗಿತ್ತಿಯದು.

ತಲಿಸಯ್‌ನಲ್ಲಿ ಹುಡುಗಿಯನ್ನು ಬಯಸಿದವನು ಬಾಯಿಬಿಟ್ಟು ಕೇಳುವುದಿಲ್ಲ. ಸೌದೆ ತಂದು ಇಳಿಸುತ್ತಾನೆ. ಆ ಸೌದೆ ಮನೆಯೊಳಗೆ ಹೋಯಿತೆಂದರೆ ಮರುದಿನದಿಂದ ಅವರ ಗುಡಾಣಕ್ಕೆ ನೀರು ತುಂಬುತ್ತಾನೆ, ಗದ್ದೆಗೆ ಇಳಿಯುತ್ತಾನೆ, ಸೂರು ಸೋರಿದರೆ ಹತ್ತುತ್ತಾನೆ. ಹುಡುಗಿಗೆ ಅವನು ಬೇಡವಾದರೆ ಒಲ್ಲೆ ಎನ್ನುವುದಕ್ಕೂ ಮಾತು ಬೇಕಿಲ್ಲ. ಅವನು ಬರುವ ಮುಂಚೆ ಮನೆಯವರೇ ಗುಡಾಣ ತುಂಬಿಸಿ ಮುಚ್ಚಳ ಮುಚ್ಚಿಡಬೇಕು. ಮೂರು ಬೆಳಗ್ಗೆ ಹಾಗೆ ತುಂಬಿದ ಗುಡಾಣ ಕಂಡರೆ ಹುಡುಗ ಡಬ್ಬ ಬೋರಲು ಹಾಕಿಕೊಂಡು ತಿರುಗಿ ನಡೆಯುತ್ತಾನೆ. ಅವನನ್ನು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ, ಯಾರ ಮುಖಕ್ಕೂ ಮಸಿ ಇಲ್ಲ. ಹಿರಿಯರು ಇಷ್ಟು ನಾಜೂಕಾಗಿ ಮಾಡಿಟ್ಟ ದಾರಿ. ಮೂರು ದಿನ ನೀರು ಹೊತ್ತರೆ ಸಾಕಿತ್ತು.

ರೊಸೆಂದಾ ಸೌದೆಯನ್ನು ಒಳಗೆ ತೆಗೆದಿಟ್ಟಳು.

ಆ ವಾರದೊಳಗೇ ಸಾಬೆಲ್ ಅಕ್ಕಿ ಕೇರುತ್ತಾ ಅವ್ವನಿಗೆ ಹೇಳಿದಳು. ಸುತ್ತುಬಳಸಿ ಹೇಳುವ ಹುಡುಗಿಯಲ್ಲ, ಅವ್ವನ ಮಗಳೇ.

"ನಾನಾಯ್, ದಾದೋ ನಂಗೆ ಬೇಡ."

"ಯಾಕೇ, ಏನಾಗಿದೆ ಅವನಿಗೆ? ಒಳ್ಳೆಯವನು."

"ಒಳ್ಳೆಯವನೇ. ನಮ್ ಎಮ್ಮೆನೂ ಒಳ್ಳೇದೇ. ಒಳ್ಳೇದು ಅಂತ ಎಮ್ಮೆನ ಕಟ್ಕೊಳ್ಳೋಕಾಗುತ್ತಾ?"

ರೊಸೆಂದಾಗೆ ನಗು ಬಂದುಬಿಟ್ಟಿತು. ನಕ್ಕಳು. ಆ ನಗುವಿನಲ್ಲೇ ಮಾತು ತೇಲಿಹೋಯಿತು. ಇರಲಿ ನೋಡೋಣ, ಮನಸ್ಸು ಇವತ್ತಿದ್ದ ಹಾಗೆ ನಾಳೆ ಇರುವುದಿಲ್ಲ, ತೆಬಾನ್ ನೀರು ಹೊರಲು ಬಂದಾಗ ತನಗೂ ಅವನನ್ನು ಕಂಡರೆ ಆಗುತ್ತಿರಲಿಲ್ಲ, ಐದನೆಯ ತಿಂಗಳಲ್ಲಿ ಮನಸ್ಸು ತಿರುಗಿತು ಎಂದೆಲ್ಲ ಹೇಳಿದಳು. ಅದು ಸುಳ್ಳೂ ಅಲ್ಲ. ನಿಜವಾದ ಮಾತನ್ನು ಕೆಟ್ಟ ಕೆಲಸಕ್ಕೆ ಹಚ್ಚುವುದು ಸುಳ್ಳಿಗಿಂತ ಸುಲಭ, ಅಷ್ಟೇ.

ಸಾಬೆಲ್ ಸುಮ್ಮನೆ ಕೂರಲಿಲ್ಲ. ಎರಡು ದಿನ ಬಿಟ್ಟು, ಕೋಳಿ ಕೂಗುವ ಮುಂಚೆ ಎದ್ದು, ಒರತೆಗೆ ನಾಲ್ಕು ಸಲ ಇಳಿದು ಹತ್ತಿ ಗುಡಾಣ ತುಂಬಿಸಿ, ಮುಚ್ಚಳ ಮುಚ್ಚಿ, ಚಳಿಗೆ ನಡುಗುತ್ತ ಬಂದು ಮತ್ತೆ ತಂಗಿಯರ ಪಕ್ಕ ಮಲಗಿದಳು. ರೊಸೆಂದಾಗೆ ಎಚ್ಚರವಿತ್ತು. ಗಂಡ ನೋವಿಗೆ ಮುಲುಗುತ್ತಿದ್ದ. ಗದ್ದೆಯಲ್ಲಿ ಅರ್ಧ ಉತ್ತ ನೆಲ ಗಟ್ಟಿಯಾಗುತ್ತಿತ್ತು. ಅವಳು ಮೆಲ್ಲಗೆ ಎದ್ದು ಏಣಿ ಇಳಿದಳು. ಮುಚ್ಚಳ ತೆಗೆದಳು. ಗುಡಾಣವನ್ನು ಎರಡು ಕೈಯಿಂದ ತಬ್ಬಿ ಓರೆ ಮಾಡಿದಳು. ಮಗಳು ಹೊತ್ತು ತಂದ ನೀರೆಲ್ಲ ಕೆಸುವಿನ ಗಿಡಗಳ ಬುಡಕ್ಕೆ ಹರಿಯಿತು. ಸದ್ದಾಗದಿರಲೆಂದು ನಿಧಾನವಾಗಿ ಚೆಲ್ಲಿದಳು. ಆ ನಿಧಾನವೇ ಅವಳಿಗೆ ಆಮೇಲೆ ಬಹಳ ವರ್ಷ ಕಣ್ಣಿಗೆ ಕಟ್ಟುತ್ತಿದ್ದದ್ದು. ಸಿಟ್ಟಿನಲ್ಲಿ ಒದ್ದು ಉರುಳಿಸಿದ್ದರೂ ಒಂದು ಮಾತಾಗುತ್ತಿತ್ತು.

ಬೆಳಗ್ಗೆ ದಾದೋ ಬಂದು, ಬರಿದಾದ ಗುಡಾಣ ಕಂಡು, ಸಿಳ್ಳೆ ಹಾಕುತ್ತ ಒರತೆಗೆ ಇಳಿದ. ಸಾಬೆಲ್ ಕಿಟಕಿಯಿಂದ ನೋಡಿದಳು. ಒದ್ದೆಯಾದ ಕೆಸುವಿನ ಬುಡ ನೋಡಿದಳು. ಅವ್ವನ ಮುಖ ನೋಡಿದಳು. ತುಂಬಿಸಿದರೆ ಅವ್ವ ಮತ್ತೆ ಚೆಲ್ಲುವಳೆಂದು ತಿಳಿದು ಗುಡಾಣದ ಗೊಡವೆಯನ್ನೇ ಬಿಟ್ಟಳು. ಅಂದಿನಿಂದ ದಾದೋ ಅಂಗಳಕ್ಕೆ ಕಾಲಿಟ್ಟರೆ ಅವಳು ಹಿತ್ತಲಿಗೆ ಹೋಗುವಳು. ನಾಚಿಕೆ ಪಡುತ್ತಾಳೆ ಎಂದು ನೆರೆಯವರು ಮೆಚ್ಚಿದರು. ರೊಸೆಂದಾ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಹುಡುಗ ದುಡಿದ. ಹೇಗೆ ದುಡಿದನೆಂದರೆ, ನೋಡಿದವರು ತಮ್ಮ ಅಳಿಯಂದಿರನ್ನು ಬೈದುಕೊಳ್ಳುವ ಹಾಗೆ. ಗದ್ದೆ ಉತ್ತ, ನಾಟಿಗೆ ನಿಂತ, ಕೊಬ್ಬರಿಯನ್ನು ಹೊಗೆಗಿಟ್ಟು ಒಣಗಿಸಿದ. ಬಿರುಗಾಳಿಯ ತಿಂಗಳು ಬರುವ ಮುಂಚೆ ನೀಪಾ ತಾಳೆಯ ಗರಿ ತಂದು ಅರ್ಧ ಸೂರು ಹೊಸದಾಗಿ ಹೊದೆಸಿದ. ತೆಬಾನ್‌ನನ್ನು ಮಗುವಿನಂತೆ ಎತ್ತಿ ಅಂಗಳಕ್ಕೆ ತಂದು ಬಿಸಿಲಿಗೆ ಕೂರಿಸುತ್ತಿದ್ದ. ತೆಬಾನ್ ಅವನ ಬೆನ್ನು ತಟ್ಟಿ, ಈ ಅಳಿಯ ನನ್ನ ಮುರಿದ ಕಾಲಿನ ಪುಣ್ಯ ಎನ್ನುತ್ತಿದ್ದ. ತೆಬಾನ್‌ಗೆ ಏನೂ ಗೊತ್ತಿರಲಿಲ್ಲ. ಮೂರನೆಯ ತಿಂಗಳಲ್ಲಿ ದಾದೋ ರೊಸೆಂದಾಳನ್ನು, ಹೆತ್ತ ಅವ್ವನನ್ನು ಕರೆಯುವಂತೆ, ನಾನಾಯ್ ಎಂದು ಕರೆಯತೊಡಗಿದ. ಅವಳು ಅವನ ತಟ್ಟೆಗೆ ಮೀನಿನ ನಡುತುಂಡು ಬಡಿಸುವಳು.  ಪಾದ್ರಿ ಬಂದಾಗ ಪಾಪನಿವೇದನೆಗೆ ಕೂತು, ನೆರೆಯವಳ ಮೇಲೆ ಕೂಗಾಡಿದೆ, ವ್ರತದ ಶುಕ್ರವಾರ ಮಾಂಸದ ಸಾರು ರುಚಿ ನೋಡಿದೆ ಎಂದು ಚಿಲ್ಲರೆ ಪಾಪಗಳನ್ನೇ ಹೇಳಿ ಎದ್ದು ಬಂದಳು. ದೇವರಿಗೇ ಮುಚ್ಚಿಟ್ಟವಳು ಇನ್ನಾರಿಗೆ ಹೇಳಿಯಾಳು.

ತೆಬಾನ್ ಕೋಲು ಊರಿ ನಿಂತದ್ದು ಸೆಪ್ಟೆಂಬರಿನಲ್ಲಿ. ಆಗ ಅವಳಿಗೆ ಇನ್ನು ಯಾವ ನೆವವೂ ಉಳಿಯಲಿಲ್ಲ. ಕೊಯ್ಲು ಮುಗಿದದ್ದೇ ಕಾಂದೆಂಗಳ ಮನೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿಬಿಡುವುದೆಂದು ನಿಶ್ಚಯಿಸಿದಳು. ಹೋದಳು ಕೂಡ. ಕಾಂದೆಂಗ್ ಅವಳ ಓರಗೆಯವಳು, ಚಿಕ್ಕಂದಿನಲ್ಲಿ ಒಂದೇ ದಿನ ಬಿಳಿ ಬಟ್ಟೆ ತೊಟ್ಟು ಮೊದಲ ಪರಮಪ್ರಸಾದ ತೆಗೆದುಕೊಂಡವರು. ಗಂಡ ಕಡಲಿಗೆ ಹೋಗಿ ಹಿಂದಿರುಗದೆ ಹನ್ನೆರಡು ವರ್ಷ. ಮೂರು ಮಕ್ಕಳನ್ನು ಚಾಪೆ ಹೆಣೆದು ಸಾಕಿದವಳು. ಮಾತು ಕಮ್ಮಿ. ಆಡಿದರೆ ಮೆಣಸಿನಕಾಯಿ.

ಅಂದು ಮಾತ್ರ ಅವಳ ಬಾಯಿ ನಿಲ್ಲಲಿಲ್ಲ. ರೊಸೆಂದಾಳ ಕೈ ಹಿಡಿದು ಎಳೆದುಕೊಂಡು ಹೋಗಿ ಮನೆಯ ಹಿಂದೆ ಕೊಬ್ಬಿ ನಿಂತ ಹಂದಿ ತೋರಿಸಿದಳು. ಸೊಸೆಗೆಂದು ಹೆಣೆದಿಟ್ಟ ಚಾಪೆ ಬಿಡಿಸಿ ತೋರಿಸಿದಳು, ಅಂಚಿಗೆ ಕೆಂಪು ಎಳೆ ಹಾಕಿದ್ದು, ಮೂರು ತಿಂಗಳ ಕೆಲಸ.

"ನಿನ್ ಮಗಳು ಮಲಗೋದಲ್ವಾ, ಒರಟಾಗಿರಬಾರದು ಅಂತ ಎಳೇ ಗರಿನೇ ಹಾಕಿದ್ದೀನಿ ಕಣೇ. ಮುಟ್ಟಿ ನೋಡು."

ರೊಸೆಂದಾ ಮುಟ್ಟಿ ನೋಡಿದಳು. ಹೇಳಬೇಕಾದ್ದು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಕಾಂದೆಂಗ್, ಬರುವ ಭಾನುವಾರ ಹಿರಿಯರನ್ನು ಕರೆದುಕೊಂಡು ಹುಡುಗಿ ಕೇಳಲು ಬರುತ್ತೇವೆಂದಳು. ಸಬೂಬು ಹೇಳಿ ಎದ್ದ ರೊಸೆಂದಾಳ ಕೈಗೆ, ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಕಡುಬು ನಾಲ್ಕು ಕಟ್ಟಿ ಕೊಟ್ಟಳು. ದಾರಿಯಲ್ಲಿ ತೆಂಗಿನ ಬುಡದಲ್ಲಿ ಕೂತು ರೊಸೆಂದಾ ಅತ್ತಳು, ಮುಖ ತೊಳೆದುಕೊಂಡು ಮನೆಗೆ ಬಂದು ಕಡುಬನ್ನು ಮಕ್ಕಳಿಗೆ ಹಂಚಿದಳು. ಸಾಬೆಲ್ ತನ್ನ ಪಾಲನ್ನು ಮುಟ್ಟಲಿಲ್ಲ. ಭಾನುವಾರ ನಾನೇ ಒಲ್ಲೆ ಅಂತೀನಿ, ಆದರೆ ಯಾಕೆ ಇಷ್ಟು ದಿನ ಆಯಿತು ಅಂತ ಕೇಳಿದರೆ ನಾನು ಬಾಯಿ ಬಿಡೋದಿಲ್ಲ, ಅದು ನಿನ್ನ ಮಾತು, ನೀನೇ ಆಡು ಎಂದು ಅವ್ವನಿಗೆ ಹೇಳಿದಳು. ಆಡುತ್ತೇನೆ ಎಂದಳು ರೊಸೆಂದಾ. ಶನಿವಾರ ಸಂಜೆಯವರೆಗೂ ಆಡುತ್ತೇನೆ ಎಂದುಕೊಳ್ಳುತ್ತಲೇ ಇದ್ದಳು.

ಭಾನುವಾರ ಬಂದರು. ಹುಡುಗಿ ಕೇಳಲು ಬರುವವರು ಹುಡುಗಿಯ ಮನೆಯ ಒಂದು ಉಪ್ಪಿನ ಹರಳನ್ನೂ ಖರ್ಚು ಮಾಡಿಸಬಾರದು. ಹಾಗಾಗಿ ಹದಿನಾಲ್ಕು ಜನ ಸಾಲಾಗಿ ಗುಡ್ಡ ಹತ್ತಿದರು. ಒಬ್ಬನ ತಲೆ ಮೇಲೆ ಅಕ್ಕಿ, ಒಬ್ಬನ ಹೆಗಲ ಮೇಲೆ ಸೌದೆ, ಹೆಂಗಸರ ಕೈಯಲ್ಲಿ ಪಾತ್ರೆಗಳು, ಶಾವಿಗೆ, ವಿನೆಗರ್ ಹಾಕಿ ಬೇಯಿಸಿದ ಹಂದಿಮಾಂಸ. ಆ ಹಂದಿಯನ್ನೇ ಕಡಿದಿದ್ದರು. ರೊಸೆಂದಾಳ ಒಲೆಯ ಮುಂದೆ ಕಾಂದೆಂಗಳ ತಂಗಿ ದೊರೋತೆಯಾ ಸೊಂಟಕ್ಕೆ ಬಟ್ಟೆ ಬಿಗಿದು ನಿಂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಳು. ದಾದೋ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಾಗಿಲ ಪಕ್ಕ ಕೂತಿದ್ದ. ಕೂತಲ್ಲಿಂದಲೇ ಅವನ ಕಣ್ಣು ಗುಡಾಣದ ಕಡೆ ಹೋಗುತ್ತಿತ್ತು, ಇಷ್ಟು ಜನಕ್ಕೆ ನೀರು ಸಾಲುತ್ತದೋ ಇಲ್ಲವೋ ಎಂದು.

ಹುಡುಗನ ಕಡೆಯಿಂದ ಮಾತಾಡಲು ಬಂದವನು ಗೊರ್ಯೊ ತಾತ. ಊರಿಗೆಲ್ಲ ಹಿರಿಯ. ನಿಮ್ಮ ಹಿತ್ತಲಲ್ಲಿ ಒಂದು ಹೂವಿದೆ, ನಮ್ಮ ಮನೆಯಲ್ಲಿ ಒಂದು ಹೂದಾನಿ ಖಾಲಿಯಿದೆ ಎಂದು ಹಳೆಯ ಕಾಲದ ಚಂದದ ಮಾತುಗಳನ್ನು ಒಂದರ ಹಿಂದೊಂದು ಪೋಣಿಸಿದ. ತೆಬಾನ್ ಕಣ್ಣು ಒದ್ದೆ ಮಾಡಿಕೊಂಡು, ನನ್ನದು ಏನೂ ಇಲ್ಲ, ಹುಡುಗಿಯನ್ನೇ ಕೇಳಿ ಎಂದ. ಎಲ್ಲರೂ ಸಾಬೆಲ್ ಕಡೆ ತಿರುಗಿದರು.

"ಕ್ಷಮಿಸಿ ತಾತ. ನಾನು ಒಲ್ಲೆ."

 ಹುಡುಗಿಯರು ಮೊದಲ ಸಲ ಹೀಗೆ ಬಿಗುಮಾನ ಮಾಡುವುದುಂಟೆಂದು ಗೊರ್ಯೊ ತಾತ ನಕ್ಕು, ಎರಡನೆಯ ಸಲ ಕೇಳಿದ. ಅವಳು ಎರಡನೆಯ ಸಲವೂ ಅದನ್ನೇ ಹೇಳಿದಳು. ಆಗ ದೊರೋತೆಯಾ ಸೌಟು ಕೆಳಗಿಟ್ಟಳು.

"ಎಂಟು ತಿಂಗಳು ಕಣೇ. ಎಂಟು ತಿಂಗಳು ಅವನು ತಂದ ನೀರಲ್ಲಿ ಮುಖ ತೊಳೆದಿದ್ದೀಯಲ್ಲ, ಆ ಮುಖದಲ್ಲಿ ಒಂದ್ ದಿನ ಹೇಳೋಕಾಗಲಿಲ್ವಾ? ಮೂರು ದಿನ ಗುಡಾಣ ತುಂಬಿಸೋಕೆ ಕೈ ಸೇದಿಹೋಗಿತ್ತಾ?"

ಸಾಬೆಲ್ ಅವ್ವನ ಕಡೆ ನೋಡಿದಳು. ಅಷ್ಟೇ, ನೋಡಿದಳು.

ಆಗಲೇ ರೊಸೆಂದಾ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬೇರೆಯವರ ಅಂಗಳದಲ್ಲಿ ನಿಂತು ನ್ಯಾಯ ಹೇಳುತ್ತಿದ್ದ ಆ ನಾಲಿಗೆ ತನ್ನ ಮನೆಯ ನಡುವೆ ಮರದ ತುಂಡಾಗಿ ಬಿದ್ದಿತ್ತು. ಹದಿನಾಲ್ಕು ಜನರೆದುರು, ಗಂಡನೆದುರು, ಪುಟ್ಟ ಮಕ್ಕಳೆದುರು ಹೇಳುವುದಾದರೂ ಹೇಗೆ. ದೊರೋತೆಯಾ ನಿಲ್ಲಿಸಲಿಲ್ಲ. ಗಂಡಸರನ್ನು ಆಳಿಗಿಟ್ಟುಕೊಳ್ಳುವ ಹೆಣ್ಣು ಎಂದಳು. ಪಟ್ಟಣದಲ್ಲಿ ಇಂಥವರಿಗೆ ಬೇರೆ ಹೆಸರಿದೆ ಎಂದಳು. ಅದನ್ನೂ ರೊಸೆಂದಾ ಕೇಳಿಸಿಕೊಂಡು ನೆಲದ ಬಿದಿರಿನ ಸಂದು ನೋಡುತ್ತ ಕೂತಳು. ಹೆತ್ತವಳು! ಸಾಬೆಲ್ ಅಳಲಿಲ್ಲ, ಕಿವಿಯವರೆಗೆ ಕೆಂಪಾಗಿ, ಕೈಕಟ್ಟಿ ನಿಂತೇ ಇದ್ದಳು.

ಕೊನೆಗೆ ಎದ್ದವನು ದಾದೋ. ಎಂಟು ತಿಂಗಳಲ್ಲಿ ಅಷ್ಟು ಉದ್ದದ ಮಾತನ್ನು ಆ ಮನೆಯಲ್ಲಿ ಅವನು ಆಡಿರಲಿಲ್ಲ.

"ಬಿಡು ಚಿಕ್ಕಮ್ಮ. ಅವಳು ಒಂದ್ ದಿನಾನೂ ನನ್ನ ನೋಡಿ ನಗಲಿಲ್ಲ. ನಂಗೇ ಅರ್ಥ ಆಗಬೇಕಿತ್ತು. ನಾನೇ ದಡ್ಡ."

ಆ ಮಾತಿಗೆ ರೊಸೆಂದಾಳ ಎದೆ ಒಡೆಯಿತು. ಬೈಗುಳಕ್ಕೆ ಒಡೆಯದ್ದು, ಹುಡುಗ ತನ್ನನ್ನೇ ದಡ್ಡನೆಂದುಕೊಂಡದ್ದಕ್ಕೆ ಒಡೆಯಿತು. ಕೂತಲ್ಲಿಂದಲೇ ಕಾಂದೆಂಗಳ ಕಡೆ ಮುಖ ಮಾಡಿ ಹೇಳಿದಳು.

"ಅವಳದ್ದಲ್ಲ ತಪ್ಪು. ನಂದು. ನಂಗೆ ಗೊತ್ತಿತ್ತು."

 ಕಾಂದೆಂಗ್ ಒಂದನ್ನೇ ಕೇಳಿದಳು.

"ಯಾವಾಗಿಂದ?"

"ಮೊದಲನೇ ವಾರದಿಂದ. ಅವಳು ಗುಡಾಣ ತುಂಬಿಸಿಟ್ಟಿದ್ದಳು ಕಾಂದೆಂಗ್. ನಾನೇ ಎದ್ದು ಚೆಲ್ಲಿದೆ."

ತೆಬಾನ್ ಹೆಂಡತಿಯನ್ನು ಯಾರೋ ಪರವೂರಿನವಳನ್ನು ನೋಡುವಂತೆ ನೋಡಿದ. ಗೊರ್ಯೊ ತಾತ ಟೋಪಿ ತೆಗೆದುಕೊಂಡು ಅದರ ಅಂಚು ಸರಿಮಾಡತೊಡಗಿದ. ಕಾಂದೆಂಗ್ ನಿಧಾನವಾಗಿ ಎದ್ದಳು. ಸಾಬೆಲ್ ಹತ್ತಿರ ಹೋಗಿ ಬಲಗೈ ಮುಂದೆ ಚಾಚಿದಳು. ಹುಡುಗಿ ಬಗ್ಗಿ ಆ ಕೈಯನ್ನು ಹಣೆಗೆ ಒತ್ತಿಕೊಂಡಳು. ದೇವರು ಒಳ್ಳೆಯದು ಮಾಡಲಿ ಮಗಳೇ ಎಂದಳು ಕಾಂದೆಂಗ್, ಹಿರಿಯರು ಕಿರಿಯರಿಗೆ ಎನ್ನುವ ಹಾಗೆಯೇ. ಆಮೇಲೆ ತನ್ನವರಿಗೆ ಹೊರಡಿ ಎಂದಳು. ಪಾತ್ರೆ ಎತ್ತಿಕೊಳ್ಳಲು ಹೋದ ದೊರೋತೆಯಾಳನ್ನು ತಡೆದಳು.

"ಬಿಟ್ಟು ಬಾ. ತಂದಿದ್ದನ್ನ ವಾಪಸ್ ಒಯ್ಯೋರಲ್ಲ ನಾವು. ತಿನ್ನಲಿ, ಅವರಿಗೆ ನಮ್ಮದು ತಿಂದು ಅಭ್ಯಾಸ ಇದೆ."

ಮೂವತ್ತು ಜನರ ಊಟ ಮನೆಯಲ್ಲಿ ಉಳಿಯಿತು. ಚೆಲ್ಲಿದರೆ ಅನ್ನದ ಪಾಪ, ತಿಂದರೆ ಕಾಂದೆಂಗಳ ಮಾತೇ ನಿಜ. ರೊಸೆಂದಾ ತಾನೇ ತಟ್ಟೆ ತಟ್ಟೆಯಾಗಿ ಹೊತ್ತು ಮನೆಮನೆಗೆ ಹಂಚಿದಳು. ಏನು ವಿಶೇಷ, ಮದುವೆ ಗಟ್ಟಿಯಾಯಿತೇ ಎಂದು ಮೊದಲ ಮೂರು ಮನೆಯವರು ಕೇಳಿದರು. ಅವಳು ಮೂರು ಕಡೆಯೂ ನಡೆದದ್ದನ್ನೇ ಹೇಳಿದಳು. ನಾಲ್ಕನೆಯ ಮನೆಯಿಂದ ಯಾರೂ ಕೇಳಲಿಲ್ಲ, ಸುದ್ದಿ ಅವಳಿಗಿಂತ ಮುಂದೆ ನಡೆದಿತ್ತು. ಮೊಟ್ಟೆ ಕದ್ದವನ ತಾಯಿ ತಟ್ಟೆ ತೆಗೆದುಕೊಂಡು, ಒಳ್ಳೆಯದು ಅಕ್ಕಾ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಹಗುರಾಗುತ್ತಿತ್ತು.

ತೆಬಾನ್ ನಲವತ್ತು ದಿನ ಅವಳೊಡನೆ ಮಾತಾಡಲಿಲ್ಲ. ಕೋಲೂರಿಕೊಂಡು ಸೂರಿನ ಹೊಸ ಗರಿ ಕೆಳಗೆ ನಿಂತು ಮೇಲೆ ನೋಡುವನು, ಉಗುಳಿ ಹೋಗುವನು. ಸಾಬೆಲ್ ಮಾತ್ರ ಆ ರಾತ್ರಿಯೇ ಅವ್ವನ ಬೆನ್ನಿಗೆ ಎಣ್ಣೆ ತಿಕ್ಕಿದಳು. ಯಾಕೆಂದು ಕೇಳುವ ಧೈರ್ಯ ರೊಸೆಂದಾಗೆ ಬರಲಿಲ್ಲ. ಮುಂದಿನ ವರ್ಷ ಸಾಬೆಲ್ ಆಚೆ ದ್ವೀಪದ ಒಬ್ಬ ದೋಣಿ ಬಡಗಿಯನ್ನು ಮೆಚ್ಚಿ ಮದುವೆಯಾದಳು. ಅವನಿಂದ ಒಂದು ಕಡ್ಡಿ ಸೌದೆಯನ್ನೂ ರೊಸೆಂದಾ ಮುಟ್ಟಲಿಲ್ಲ.

ಊರು ಅವಳನ್ನು ಹೊರಗೆ ಹಾಕಲಿಲ್ಲ. ಸಾವಿನ ಮನೆಯ ಪ್ರಾರ್ಥನೆಗೆ ಈಗಲೂ ಕರೆಯುತ್ತಿದ್ದರು, ಪೂರ್ತಿ ಬಾಯಿಪಾಠ ಇದ್ದದ್ದು ಅವಳಿಗೊಬ್ಬಳಿಗೇ. ಆದರೆ ಜಗಳಕ್ಕೆ ಕರೆಯುವುದು ನಿಂತಿತು. ಎಲ್ಲಾದರೂ ಅಭ್ಯಾಸಬಲದಿಂದ ಸರಿತಪ್ಪಿನ ಮಾತೆತ್ತಿದರೆ, ಎದುರಿನವರು ನೆಲ ನೋಡುವರು. ಅವಳೇ ಅರ್ಧಕ್ಕೆ ನಿಲ್ಲಿಸಿ, ಹೊತ್ತಾಯಿತು ಎಂದು ಎದ್ದು ಬರುವಳು.

ಎಲ್ಲಕ್ಕಿಂತ ಸುಟ್ಟದ್ದು ಒರತೆಯ ದಾರಿ. ಈಗ ನೀರಿಗೆ ಅವಳೇ ಇಳಿಯಬೇಕು, ದಾರಿ ಕಾಂದೆಂಗಳ ಕಿಟಕಿಯ ಕೆಳಗೇ ಹೋಗುತ್ತದೆ. ಆ ಕಡೆ ಊಟಕ್ಕೆ ಕೂತವರು ದಾರಿಹೋಕರನ್ನು ಕಂಡರೆ, ಬನ್ನಿ ಉಣ್ಣೋಣ ಎಂದು ಕರೆಯದೆ ತುತ್ತು ಎತ್ತುವುದಿಲ್ಲ. ಶತ್ರುವನ್ನಾದರೂ ಕರೆಯುತ್ತಾರೆ. ಕರೆಸಿಕೊಂಡವರು ನಮ್ಮದಾಯಿತು ಎಂದು ಹೇಳಿ ಮುಂದೆ ಹೋಗುತ್ತಾರೆ. ಕರೆಯುವುದೂ ಮಾತಿಗೆ, ಒಲ್ಲೆ ಎನ್ನುವುದೂ ಮಾತಿಗೆ. ಕಾಂದೆಂಗ್ ಅಷ್ಟನ್ನೂ ನಿಲ್ಲಿಸಿದಳು. ಕಿಟಕಿಯಲ್ಲಿ ಕೂತು ಉಣ್ಣುತ್ತ, ಕೆಳಗೆ ಹೋಗುವ ರೊಸೆಂದಾಳನ್ನು ನೇರ ನೋಡುತ್ತ, ತುತ್ತು ಎತ್ತುವಳು. ಸುತ್ತುದಾರಿ ಒಂದಿತ್ತು. ರೊಸೆಂದಾ ಅದನ್ನು ಹಿಡಿಯಲಿಲ್ಲ. ದಿನಕ್ಕೆ ಎರಡು ಸಲ, ತುಂಬಿದ ಡಬ್ಬ ಹೊತ್ತು, ಆ ಕಿಟಕಿಯ ಕೆಳಗೇ ಹೋದಳು. ಹೀಗೆ ಮೂರು ವರ್ಷ.

ಮೂರನೆಯ ವರ್ಷ ದಾದೋಗೆ ದೂರದ ಹಳ್ಳಿಯ ಹುಡುಗಿಯೊಡನೆ ಮದುವೆಯಾಯಿತು. ಹುಡುಗಿಯ ಹೆಸರು ಇಮಾಂಗ್, ದುಂಡುಮುಖ, ಗಿಣಿಯ ಹಾಗೆ ಮಾತು. ಬಂದು ವಾರವಾಗಿರಲಿಲ್ಲ, ಊರಿನ ಹಳೆಯ ಕಥೆಗಳು ಅವಳ ಕಿವಿಗೆ ಇನ್ನೂ ಬಿದ್ದಿರಲಿಲ್ಲ. ಮಧ್ಯಾಹ್ನ ಅತ್ತೆ ಸೊಸೆ ಊಟಕ್ಕೆ ಕೂತಿದ್ದಾಗ ಕೆಳಗೆ ರೊಸೆಂದಾ ಹಾದಳು. ಇಮಾಂಗ್ ಕಿಟಕಿಯಿಂದ ಬಗ್ಗಿ, ಬನ್ನಿ ಅಜ್ಜೀ ಉಣ್ಣೋಣ ಎಂದು ಕೂಗಿದಳು.

ರೊಸೆಂದಾ ನಿಂತಳು. ಅಡ್ಡೆ ಹೆಗಲ ಮೇಲೆ ಅಲುಗಿ ನೀರು ತುಳುಕಿತು. ಮೇಲೆ ನೋಡಲು ಧೈರ್ಯ ಸಾಲದೆ, ದಾರಿಯನ್ನೇ ನೋಡುತ್ತ, ಹೇಳಬೇಕಾದ ಮಾತನ್ನು ಹೇಳಿದಳು.

"ನಂದಾಯ್ತು ಮಗಾ. ಈಗಷ್ಟೇ ಉಂಡೆ."

 ಮೇಲಿನಿಂದ ಕಾಂದೆಂಗಳ ದನಿ ಕೇಳಿಸಿತು, ಸೊಸೆಗೆ ಹೇಳುತ್ತಿದ್ದಳು, ಕೆಳಗಿನವಳಿಗೆ ಕೇಳಿಸಲೆಂದೇ.

"ನಂಬಬೇಡ. ಅವಳು ಸುಳ್ಳು ಹೇಳ್ತಾಳೆ. ಈ ಹೊತ್ತಲ್ಲಿ ಅವಳು ಯಾವತ್ತೂ ಉಂಡಿರಲ್ಲ. ಇನ್ನೊಂದು ತಟ್ಟೆ ಇಡು."

ರೊಸೆಂದಾ ಡಬ್ಬಗಳನ್ನು ಇಳಿಸಿದಳು. ಏಣಿ ಹತ್ತಿದಳು. ಕಾಂದೆಂಗ್ ಅವಳ ಮುಖ ನೋಡಲಿಲ್ಲ, ಮೀನಿನ ತಟ್ಟೆಯನ್ನು ಅವಳ ಕಡೆ ತಳ್ಳಿದಳು. ರೊಸೆಂದಾ ಕೈ ತೊಳೆದು ಕೂತಳು. ಮೊದಲ ತುತ್ತು ಬಾಯಿಗಿಟ್ಟವಳು ನೀರಿನ ಲೋಟಕ್ಕೆ ಕೈ ಚಾಚಿದಳು. ಉಪ್ಪು ಹೆಚ್ಚಾಯಿತೇ ಅಜ್ಜೀ ಎಂದು ಇಮಾಂಗ್ ಕೇಳಿದಳು. ಕಾಂದೆಂಗ್ ಮೀನಿನ ನಡುತುಂಡನ್ನು ಎತ್ತಿ ರೊಸೆಂದಾಳ ತಟ್ಟೆಗೆ ಹಾಕಿದಳು.